ಒಂದು ಬಕೆಟ್ ಗೋಧಿಯ ರಫ್ತು ಪ್ರಕರಣ

ಕೆನಡಾದ ಸಸ್ಕಾಚೆವಾನ್ ಸೀಮೆಯ ವೆಸ್ನಾ ಊರಿನಲ್ಲಿ ಗೋಧಿ ಬೆಳೆಯುವವನು ರೈತ, ಮಾರುವವರು ಧಾನ್ಯ ಮಂಡಳಿಯವರು. ಇದು ಸೂರ್ಯ ಮೂಡಣದಲ್ಲಿ ಹುಟ್ಟುವಷ್ಟೇ ಸಹಜವಾದ ಸಂಗತಿಯಾಗಿದ್ದು, ಈ ಬಗ್ಗೆ ಸೂರ್ಯನಾಗಲಿ ಗೋಧಿಯಾಗಲಿ ಈವರೆಗೆ ಲಿಖಿತ ಆಕ್ಷೇಪಣೆ ಸಲ್ಲಿಸಿರುವುದಿಲ್ಲ.

ಆಕ್ಷೇಪಣೆ ಇದ್ದದ್ದು ರೈತರಿಗೆ, ಅದೂ ಅರ್ಧ ಜನಕ್ಕೆ. ಸಹಕಾರಿ ಅಂಗಡಿಯ ಕಾಫಿ ಮೇಜಿನಲ್ಲಿ ಹದಿನೇಳು ವರ್ಷಗಳಿಂದ ಅದೇ ಜಗಳ.

"ನನ್ನ ಗೋಧಿ, ನನ್ನ ಲಾರಿ. ಯಾರು ಜಾಸ್ತಿ ಕೊಡ್ತಾರೋ ಅವ್ರಿಗೆ ಮಾರ್ತೀನಿ. ಕೇಳೋಕೆ ಇವ್ರು ಯಾವೂರ ದಾಸಯ್ಯ?" ಎಂದು ಗಾರ್ತ್ ಥೋರ್ಸನ್ ಮೇಜು ಗುದ್ದುತ್ತಿದ್ದ.

"ಹೋಗಪ್ಪಾ ಹೋಗು. ಒಬ್ಬೊಬ್ರೇ ಹೋದ್ರೆ ಆ ದಲ್ಲಾಳಿಗಳು ಚಡ್ಡೀನೂ ಬಿಚ್ಚಿಸ್ಕೊಂಡು ಕಳಿಸ್ತಾರೆ. ಎಲ್ರದ್ದೂ ಒಟ್ಟಿಗೆ ಹಾಕಿ ಮಾರಿದ್ರೇನೇ ಎಲ್ರಿಗೂ ಒಂದೇ ದರ" ಎಂದು ವಿಲ್ಫ್ ಸ್ಲೋಬೋಡ ಅವನ ಕಾಫಿಯನ್ನೇ ಎತ್ತಿ ಕುಡಿಯುತ್ತಿದ್ದ.

ಓರೆಸ್ಟ್ ಬಿಲಿಕ್ ಇಬ್ಬರಿಗೂ ತಲೆಯಾಡಿಸುತ್ತಿದ್ದ. ಅವತ್ತಿನ ಕಾಫಿಗೆ ದುಡ್ಡು ಕೊಟ್ಟವನ ವಾದ ಅವನಿಗೆ ಒಂದು ಗುಲಗಂಜಿ ಹೆಚ್ಚು ಸರಿ ಕಾಣುತ್ತಿತ್ತು. ಹೀಗೆ ನೆಮ್ಮದಿಯಾಗಿದ್ದವನಿಗೆ ಡಿಸೆಂಬರಿನಲ್ಲಿ ಮಗಳು ಡೇರಿಯಾ ಫೋನ್ ಮಾಡಿದಳು. ಅವಳನ್ನು ಕೊಟ್ಟಿದ್ದು ಹದಿನೆಂಟು ಮೈಲಿ ದಕ್ಷಿಣಕ್ಕೆ, ಗಡಿಯಾಚೆ, ಅಮೆರಿಕದ ಕಡೆಗೆ. ತುಂಬಿದ ಬಸುರಿ.

"ಅಪ್ಪಾ, ಅಮ್ಮ ಇಲ್ಲದ ಮೊದಲ ಹಬ್ಬ ಇದು. ಕುತ್ಯಾ ಮಾಡೋಕೆ ನಮ್ಮ ಹೊಲದ್ದೇ ಗೋಧಿ ಬೇಕು. ಒಂದು ಬಕೆಟ್ ತಂದ್ಕೊಡು."

ಕ್ರಿಸ್‌ಮಸ್ ಹಿಂದಿನ ಸಂಜೆ ಬೇಯಿಸಿದ ಗೋಧಿಗೆ ಜೇನು, ಗಸಗಸೆ ಬೆರೆಸಿದ ಕುತ್ಯಾ ಬಾಯಿಗೆ ಬೀಳದೆ ಬೇರೇನೂ ತಿನ್ನುವಂತಿಲ್ಲ. ಆ ಹೊಲಕ್ಕೆ ಕೊನೆಯ ಸಲ ಬೀಜ ಆರಿಸಿಕೊಟ್ಟವಳು ಅವನ ಹೆಂಡತಿ ಓಲ್ಹಾ. ಓರೆಸ್ಟ್‌ ಬಕೆಟ್ಟು ತುಂಬಿಕೊಂಡು ನೇರ ರೈಲು ಹಳಿಯ ಪಕ್ಕದ ಧಾನ್ಯದ ಉಗ್ರಾಣಕ್ಕೆ, ಮಂಡಳಿಯ ಅಧಿಕಾರಿ ಮರ್ವಿನ್ ಪೆನ್ನರ್ ಬಳಿಗೆ, ಗಡಿ ದಾಟಿಸುವ ಅನುಮತಿ ಕೇಳಲು ನಡೆದ.

"ಬಹಳ ಸುಲಭ. ಮೊದಲು ನೀವು ಇದನ್ನ ಮಂಡಳಿಗೆ ಮಾರ್ಬೇಕು. ಆಮೇಲೆ ಮಂಡಳಿಯಿಂದ ವಾಪಸ್ ಕೊಂಡ್ಕೋಬೇಕು" ಎಂದ ಪೆನ್ನರ್.

"ಮಾರಿದಾಗ ಬಕೆಟ್ಟು ಎಲ್ಲಿರುತ್ತೆ?"

"ನಿಮ್ಮ ಕೈಯಲ್ಲೇ."

"ಕೊಂಡಾಗ?"

"ಕೈಯಲ್ಲೇ. ಕೆಳಗಿಡಬೇಡಿ ಮತ್ತೆ! ಕೆಳಗಿಟ್ರೆ ದಾಸ್ತಾನು ಆಗುತ್ತೆ, ಅದಕ್ಕೆ ಬೇರೆ ಅರ್ಜಿ. ವ್ಯಾಂಕೂವರ್ ಬಂದರಿನವರೆಗೆ ರೈಲು ಬಾಡಿಗೇನೂ ಕಟ್ಬೇಕು."

"ಅಲ್ಲ ಸ್ವಾಮಿ, ಬಂದರು ಇರೋದು ಪಶ್ಚಿಮಕ್ಕೆ, ಮಗಳು ಇರೋದು ದಕ್ಷಿಣಕ್ಕೆ. ಬಕೆಟ್ಟು ರೈಲೇ ಹತ್ತಲ್ವಲ್ಲ!"

"ಹತ್ತೋದು ಬಿಡೋದು ನಿಮ್ಮಿಷ್ಟ. ಮಂಡಳಿ ಬಲವಂತ ಮಾಡಲ್ಲ."

ಓರೆಸ್ಟ್ ಬಕೆಟ್ಟನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು ಅರ್ಜಿ ಬರೆದ. ಕನಿಷ್ಠ ಪ್ರಮಾಣ ಒಂದು ವ್ಯಾಗನ್ ಆದ್ದರಿಂದ ವಿಶೇಷ ಪ್ರಕರಣವೆಂದು ಪರಿಗಣಿಸಿ ಈಸ್ಟರ್ ನಂತರ ತಿಳಿಸಲಾಗುವುದು ಎಂಬ ಉತ್ತರ ಬಂತು.

ಕಾಫಿ ಮೇಜು ಹತ್ತಿ ಉರಿಯಿತು. "ನೋಡಿದ್ರಾ ಗುಲಾಮಗಿರಿ!" ಎಂದ ಥೋರ್ಸನ್. "ಇವತ್ತು ಬಕೆಟ್ಟು ಬಿಟ್ರೆ ನಾಳೆ ಡ್ರಮ್ಮು, ನಾಡಿದ್ದು ಹಡಗು" ಎಂದ ಸ್ಲೋಬೋಡ. ಮಗಳಿಗೆ ಏನು ಹೇಳಲಿ ಎಂದು ಓರೆಸ್ಟ್ ಕೇಳಿದ್ದು ಇಬ್ಬರ ಕಿವಿಗೂ ಬೀಳಲಿಲ್ಲ.

ಡೇರಿಯಾಳೇ ಸಿಟ್ಟಿನಿಂದ ಹೊರಟು ಬಂದಳು. "ಗೋಧಿ ಬರಬಾರದು ಅಂದ್ರೆ ನಾನೇ ಬಂದು ತಿಂದು ಹೋಗ್ತೀನಿ. ಯಾವನು ಏನು ಕಿತ್ಕೋತಾನೆ ನೋಡೋಣ!"

ಪೆನ್ನರ್ ಏನನ್ನೂ ಕಿತ್ತುಕೊಳ್ಳಲಿಲ್ಲ, ನಿಯಮ ಓದಿದ. "ಧಾನ್ಯವನ್ನು ಚೀಲ, ಲಾರಿ, ಬಕೆಟ್ ಅಥವಾ ಇನ್ನಾವುದೇ ಸಾಧನದ ಮೂಲಕ ಗಡಿ ದಾಟಿಸತಕ್ಕದ್ದಲ್ಲ." ಹೊಟ್ಟೆ ಚೀಲವಲ್ಲ, ಲಾರಿಯೂ ಅಲ್ಲ. ಆದ್ದರಿಂದ ಅದು ಇನ್ನಾವುದೇ ಸಾಧನ. ಡೇರಿಯಾಳನ್ನು ಲಾರಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳಲಾಯಿತು. ಹೋಗುವಾಗ ಇದಕ್ಕಿಂತ ಹೆಚ್ಚಾಗಿರಬಾರದು, ಅಷ್ಟೇ.

ಹಬ್ಬದ ಸಂಜೆ ಪೆನ್ನರ್ ಲೆಕ್ಕದ ಪುಸ್ತಕ ಹಿಡಿದು ಮೂಲೆಯಲ್ಲಿ ಕೂತ. ಪದ್ಧತಿಯಂತೆ ಓರೆಸ್ಟ್ ಮೊದಲ ಚಮಚ ಕುತ್ಯಾವನ್ನು ಚಾವಣಿಗೆ ಎಸೆದ. ಎಷ್ಟು ಕಾಳು ಅಂಟಿದರೆ ಅಷ್ಟು ಅದೃಷ್ಟ. ಪೆನ್ನರ್ ಕುರ್ಚಿ ಹತ್ತಿ ಎಣಿಸಿ, "ನಲವತ್ತೆರಡು ಕಾಳು ದೇಶದೊಳಗೇ ಉಳಿದಿರುತ್ತವೆ" ಎಂದು ಬರೆದು, ತಾನೂ ಎರಡು ಬಟ್ಟಲು ತಿಂದ. ಡೇರಿಯಾ ಮೊದಲ ತುತ್ತಿಗೆ ಅಮ್ಮನನ್ನು ನೆನೆದು ಅತ್ತಳು. ಮೂರನೆಯ ಬಟ್ಟಲಿಗೆ ಹೊಟ್ಟೆ ಹಿಡಿದುಕೊಂಡಳು.

ಊರಿನ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಓಲ್ಹಾ ಎಂದೇ ಹೆಸರಿಟ್ಟರು.

ಹೊರಡುವ ದಿನ ತಕ್ಕಡಿಯ ಮೇಲೆ ಡೇರಿಯಾ ಬಂದಾಗಿನದ್ದಕ್ಕಿಂತ ಹಗುರಾಗಿದ್ದಳು. ಆದರೆ ತೋಳಿನಲ್ಲಿ ಮಗುವಿತ್ತು. ಪೆನ್ನರ್ ತಲೆ ಕೆರೆದುಕೊಂಡ. ತಾಯಿ ಹುಟ್ಟಿದಾಗಿನಿಂದ ತಿಂದದ್ದು ಈ ಹೊಲದ ಗೋಧಿಯನ್ನೇ. ಆದ್ದರಿಂದ ಮಗು ಸಂಸ್ಕರಿತ ಧಾನ್ಯ. ತೂಕದ ಜೊತೆ ದರ್ಜೆಯೂ ನಿಗದಿಯಾಗತಕ್ಕದ್ದು.

ಊರೆಲ್ಲ ಉಗ್ರಾಣದ ಮುಂದೆ ನೆರೆಯಿತು.

"ಅವಸರ ಮಾಡ್ಬೇಡ ಓರೆಸ್ಟ್! ಮಗೂನ ಇಟ್ಕೊಂಡಿರು. ವಸಂತಕ್ಕೆ ಬೆಲೆ ಏರುತ್ತೆ" ಎಂದು ಥೋರ್ಸನ್ ಕೂಗಿದ.

"ಅದೆಲ್ಲ ಅನ್ಯಾಯ. ಈ ವರ್ಷ ಹುಟ್ಟಿದ ಮಕ್ಕಳನ್ನೆಲ್ಲಾ ಒಟ್ಟು ಹಾಕಿ, ಎಲ್ರಿಗೂ ಸರಾಸರಿ ತೂಕ ಕೊಡ್ಲಿ" ಎಂದ ಸ್ಲೋಬೋಡ.

ಪೆನ್ನರ್ ಮಗುವಿನ ಅಂಗೈ ನೋಡಿದ, ಕೆನ್ನೆ ಒತ್ತಿದ, ಬಟ್ಟೆಯ ಕೆಳಗೆ ಕೈಯಿಟ್ಟು ಕೈ ಒರೆಸಿಕೊಂಡ. "ತಳಿ, ಕೆಂಪು ವಸಂತ ಗೋಧಿ. ಎರಡನೇ ದರ್ಜೆ. ತೇವಾಂಶ ಜಾಸ್ತಿ."

ಓರೆಸ್ಟ್‌ನ ಮುಖ ಕೆಂಪೇರಿತು. ಇಷ್ಟು ದಿನ ಎಲ್ಲದಕ್ಕೂ ತಲೆಯಾಡಿಸುತ್ತಿದ್ದವನು ಪೆನ್ನರ್‌ನ ಕೊರಳಪಟ್ಟಿ ಹಿಡಿದ. "ಎರಡನೇ ದರ್ಜೆನಾ? ನನ್ನ ಮೊಮ್ಮಗಳಾ? ಕಣ್ಣು ಕಾಣ್ಸುತ್ತೇನೋ ನಿಂಗೆ? ನಮ್ಮ ಹೊಲದಲ್ಲಿ ಯಾವತ್ತು ಎರಡನೇ ದರ್ಜೆ ಬೆಳೆದಿದೆ? ಇನ್ನೊಂದ್ಸಲ ನೋಡು!"

"ಅಪ್ಪಾ, ಬಿಡಪ್ಪಾ..." ಎಂದಳು ಡೇರಿಯಾ.

"ನೀನು ಸುಮ್ನಿರು. ಇದು ಮನೆತನದ ಮರ್ಯಾದೆ ಪ್ರಶ್ನೆ."

ಥೋರ್ಸನ್ ಮತ್ತು ಸ್ಲೋಬೋಡ ಜೀವಮಾನದಲ್ಲಿ ಮೊದಲ ಬಾರಿಗೆ ಒಂದೇ ಮನವಿಗೆ ಸಹಿ ಹಾಕಿದರು. ಬಟ್ಟೆ ಬದಲಾಯಿಸಿ ಮರುಪರೀಕ್ಷೆ ನಡೆಯಿತು. ಮೊದಲ ದರ್ಜೆ! ಜನ ಚಪ್ಪಾಳೆ ತಟ್ಟಿದರು, ಓರೆಸ್ಟ್ ಪೆನ್ನರ್‌ನನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡ. ಪ್ರಮಾಣಪತ್ರದ ಒಂದು ಪ್ರತಿ ಹೆಂಡತಿಯ ಫೋಟೋ ಪಕ್ಕದಲ್ಲಿ ಇವತ್ತಿಗೂ ತೂಗುತ್ತಿದೆ.

ಅವತ್ತು ಮನೆಗೆ ಮರಳಿ ಕಾರು ಹತ್ತುವ ಮುನ್ನ ಡೇರಿಯಾ ಹಿತ್ತಲ ಬಾಗಿಲ ಹಿಂದೆ ಬಕೆಟ್ಟು ಕಂಡಳು.

"ಅಪ್ಪಾ, ಕುತ್ಯಾಕ್ಕೆ ತೆಗೆದು ಇನ್ನೂ ಅರ್ಧ ಬಕೆಟ್ ಇದೆ. ಒಂದೇ ಒಂದು ಹಿಡಿ ಜೇಬಿಗೆ ಹಾಕ್ಕೊಳ್ಲಾ? ಅಮ್ಮ ಆರಿಸಿದ ಬೀಜದ್ದು."

ಓರೆಸ್ಟ್ ಗಾಬರಿಯಿಂದ ಬಕೆಟ್ಟಿಗೆ ಅಡ್ಡ ನಿಂತ.

"ಅಯ್ಯೋ, ಬೇಡಮ್ಮಾ! ಹಾಗೆಲ್ಲ ಎತ್ತಿ ಕೊಡೋಕೆ ಅದೇನು ನಮ್ಮನೇದಾ?"