ನೊಗ ಬಿಚ್ಚಿ ನೋಡಿ ಕೊಂಡ ಕಾರು

ಮಾತೇ ಬಾರದವರು ಕೆಲವರಿರುತ್ತಾರೆ. ಇನ್ನು ಕೆಲವರಿಗೆ ಮಾತು ಗಂಟಲಿನವರೆಗೆ ಬಂದು ಅಲ್ಲೇ ಚಾಪೆ ಹಾಸಿಕೊಂಡು ಮಲಗಿಬಿಡುತ್ತದೆ. ನಾನು ಈ ಎರಡನೆಯ ಪಂಗಡದವಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಕಳಲೆಯಲ್ಲಿ ಬಸ್ಸು ಇಳಿಯಬೇಕಾಗಿತ್ತು. ಕಂಡಕ್ಟರಿಗೆ ನಿಲ್ಲಿಸಿ ಎನ್ನಲು ನಾಚಿಕೆಯಾಗಿ, ಮುಂದಿನ ಊರಿನಲ್ಲಿ ಯಾರೋ ಇಳಿದಾಗ ಅವರ ಹಿಂದೆಯೇ ಇಳಿದು, ಬಾಳೆಗೊನೆ ಹೊತ್ತುಕೊಂಡು ವಾಪಸ್ಸು ನಡೆದು ಬಂದೆ. ಮೊಮ್ಮಕ್ಕಳೇ, ನಿಮ್ಮ ತಾತ ಇದ್ದಷ್ಟು ದಿನ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಎಲ್ಲಿ ನೋವು ಎಂದು ಡಾಕ್ಟರು ನನ್ನನ್ನು ಕೇಳಿದರೆ ಉತ್ತರ ಅವರ ಬಾಯಿಂದ ಬರುತ್ತಿತ್ತು. ಒಂದು ಸಲ ಎಡಮಂಡಿಯ ನೋವನ್ನು ಬಲಮಂಡಿ ಎಂದು ಹೇಳಿಬಿಟ್ಟರು. ತಿದ್ದಲು ಸಂಕೋಚವಾಗಿ ಹದಿನೈದು ದಿನ ಬಲಮಂಡಿಗೆ ಮುಲಾಮು ಹಚ್ಚಿಕೊಂಡೆ. ಇಂಥ ನಾನು ಮೈಸೂರಿನ ಕಾರಿನ ಅಂಗಡಿಯಲ್ಲಿ, ಗಾಜಿನ ಗೋಡೆಗಳ ನಡುವೆ ಬಾಯಿಬಿಟ್ಟು ಗೆದ್ದು ಬಂದೆ. ನಿಸರ್ಗ, ಪ್ರಣವ, ಇದನ್ನು ನಾನೇ ಬರೆದಿಡುತ್ತಿರುವುದಕ್ಕೆ ಕಾರಣವಿದೆ. ನಿಮ್ಮಪ್ಪ ಈ ಕಥೆಯನ್ನು ಬೇರೆ ಥರ ಹೇಳಿಕೊಂಡು ತಿರುಗುತ್ತಿದ್ದಾನೆ ಎಂದು ಕೇಳಿದೆ.

ನಿಮ್ಮಮ್ಮ ಸುಧಾ ನಂಜನಗೂಡಿನಿಂದ ತಿ. ನರಸೀಪುರದ ಹೈಸ್ಕೂಲಿಗೆ ಎಷ್ಟು ವರ್ಷ ಬಸ್ಸಿನಲ್ಲಿ ಓಡಾಡಿದಳು ಎಂಬುದು ನಿಮಗೆ ಗೊತ್ತು. ನಿಂತುಕೊಂಡು ಹೋಗುವುದು, ದಿನವೆಲ್ಲ ನಿಂತು ಪಾಠ ಮಾಡುವುದು, ಮತ್ತೆ ನಿಂತುಕೊಂಡೇ ಬರುವುದು. ಕೊನೆಗೆ ಕಾರು ಕೊಳ್ಳುವುದೆಂದು ತೀರ್ಮಾನವಾಯಿತು. ಹೈಬ್ರಿಡ್ ಕಾರೇ ಆಗಬೇಕು ಎಂದಳು. ನಾನು ಮೊರದಲ್ಲಿ ರಾಗಿ ಕೇರುತ್ತಾ ಕೇಳಿಸಿಕೊಂಡೆ. ನಿಮ್ಮಪ್ಪ ಮಹೇಶನದು ಬೀಜ, ಗೊಬ್ಬರದ ಅಂಗಡಿ. ಹಾಗಾಗಿ ಹೈಬ್ರಿಡ್ ಎಂಬ ಪದ ನಮ್ಮ ಮನೆಯಲ್ಲಿ ಉಪ್ಪು ಮೆಣಸಿನಕಾಯಿಯಷ್ಟೇ ಬಳಕೆಯದು. ಹೈಬ್ರಿಡ್ ಟೊಮೆಟೊ, ಹೈಬ್ರಿಡ್ ಜೋಳ. ಬೆಳೆ ಚೆನ್ನಾಗಿ ಬರುತ್ತದೆ, ಆದರೆ ಅದರ ಬೀಜ ಎತ್ತಿಟ್ಟುಕೊಂಡು ಮುಂದಿನ ವರ್ಷ ಬಿತ್ತುವ ಹಾಗಿಲ್ಲ, ಮತ್ತೆ ಅಂಗಡಿಗೇ ಹೋಗಬೇಕು. ಕಾರೂ ಹಾಗೆಯೇ ಇರಬೇಕು, ವರ್ಷ ವರ್ಷ ಹೊಸದು ಕೊಳ್ಳಬೇಕು ಎಂದುಕೊಂಡು ನನಗೆ ಎದೆ ಹಾರಿತು. ಎರಡು ದಿನ ಯಾರಿಗೂ ಹೇಳದೆ ಸಂಕಟಪಟ್ಟು, ಮೂರನೆಯ ದಿನ ನಿಸರ್ಗಳನ್ನು ಮೆಲ್ಲಗೆ ಕೇಳಿದೆ. ನೀನು ನಕ್ಕು ನಕ್ಕು ಮಂಚದಿಂದ ಜಾರಿಬಿದ್ದೆಯಲ್ಲ ತಾಯಿ, ನನಗೆ ನೆನಪಿದೆ.

ಆದರೆ ಆಮೇಲೆ ನೀನೇ ಫೋನಿನಲ್ಲಿ ಚಿತ್ರ ತೋರಿಸಿ ಪಾಠ ಮಾಡಿದೆ. ಹೈಬ್ರಿಡ್ ಎಂದರೆ ಒಂದೇ ಕಾರಿನಲ್ಲಿ ಪೆಟ್ರೋಲಿನ ಇಂಜಿನ್ನೂ ಇರುತ್ತದೆ, ಬ್ಯಾಟರಿಯಿಂದ ತಿರುಗುವ ಮೋಟಾರೂ ಇರುತ್ತದೆ ಎಂದೆ. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ. ನೀನು ಹೇಳಿದ ಇಂಗ್ಲಿಷ್ ಹೆಸರುಗಳನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದುಕೊಂಡು, ಪಕ್ಕದಲ್ಲಿ ನನ್ನ ಅರ್ಥ ಬರೆದೆ. ಪ್ಯಾರಲಲ್ ಎಂದರೆ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಇಂಜಿನ್ನೂ ಮೋಟಾರೂ ಸೇರಿಯೇ ಚಕ್ರ ಎಳೆಯುತ್ತವೆ. ಸೀರೀಸ್ ಎಂದರೆ ಒಬ್ಬಳು ರಾಗಿ ಬೀಸುವುದು, ಇನ್ನೊಬ್ಬಳು ಮುದ್ದೆ ಕಟ್ಟುವುದು. ಇಂಜಿನ್ನು ಒಳಗೆ ಕುಳಿತು ಕರೆಂಟು ಬೀಸಿ ಕೊಡುತ್ತದೆ ಅಷ್ಟೇ, ಚಕ್ರದ ಹತ್ತಿರ ಬರುವುದೇ ಇಲ್ಲ. ಪ್ಲಗ್-ಇನ್ ಎಂಬುದು ನನ್ನ ಸೋದರಮಾವನ ಹಾಗೆ. ಅವನು ಮನೆಯಲ್ಲಿ ಹೊಟ್ಟೆ ತುಂಬ ಉಂಡು ಮದುವೆಗೆ ಹೋಗಿ ಅಲ್ಲೂ ಪಂಕ್ತಿಗೆ ಕೂರುತ್ತಿದ್ದ. ಇದೂ ಮನೆಯ ಗೋಡೆಯಿಂದ ಕರೆಂಟು ಕುಡಿದು, ದಾರಿಯಲ್ಲಿ ಪೆಟ್ರೋಲನ್ನೂ ಕುಡಿಯುತ್ತದೆ. ಮೈಲ್ಡ್ ಎಂದರೆ ಗಾಡಿ ಏರು ಹತ್ತುವಾಗ ಹಿಂದಿನಿಂದ ಒಂದು ಕೈ ಕೊಡುವವನು, ಎಳೆಯುವುದೆಲ್ಲ ಇಂಜಿನ್ನೇ. ಇನ್ನು ಸ್ಟ್ರಾಂಗ್ ಎನ್ನುವುದರಲ್ಲಿ ನಿಧಾನಕ್ಕೆ ಹೋಗುವಾಗ ಬ್ಯಾಟರಿ ಒಂದೇ ಎಳೆಯುತ್ತದೆ, ಜೋರಾದರೆ ಇಂಜಿನ್ ಬರುತ್ತದೆ, ಭಾರ ಬಿದ್ದರೆ ಇಬ್ಬರೂ ಸೇರುತ್ತಾರೆ. ಬ್ರೇಕ್ ಹಾಕಿದಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ, ಗೋಡೆಗೆ ಚುಚ್ಚುವ ಗೋಜಿಲ್ಲ. ಯಾರು ಯಾವಾಗ ಕೆಲಸ ಮಾಡುತ್ತಿದ್ದಾರೆ ಎಂದು ಮುಂದಿನ ಪರದೆಯಲ್ಲಿ ಬಾಣದ ಗುರುತು ತೋರಿಸುತ್ತದಂತೆ. ನಾನೂ ನನ್ನ ವಾರಗಿತ್ತಿಯೂ ಒಂದೇ ಅಡುಗೆಮನೆಯಲ್ಲಿದ್ದ ಕಾಲದಲ್ಲಿ ಅಂಥದೊಂದು ಪರದೆಯನ್ನು ಒಲೆಯ ಮೇಲೆ ತೂಗುಹಾಕಿದ್ದರೆ ಎಷ್ಟೋ ನ್ಯಾಯಗಳು ನನ್ನ ಕಡೆಗೆ ತೀರ್ಮಾನವಾಗುತ್ತಿದ್ದವು.

ನಿಮ್ಮಮ್ಮನಿಗೆ ಬೇಕಾಗಿದ್ದು ಈ ಕೊನೆಯದು. ಅವಳ ದಾರಿ ಎಂಥದು ನೋಡಿ. ಊರಿಗೆರಡು ರಸ್ತೆ ಹಂಪು, ಹಂಪಿಗೊಂದು ಹಸು, ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರು. ನಿಲ್ಲುವುದು, ತೆವಳುವುದು, ಮತ್ತೆ ನಿಲ್ಲುವುದು. ಇಂಥ ದಾರಿಯಲ್ಲಿ ಬ್ಯಾಟರಿ ಒಂಟಿಯಾಗಿ ಎಳೆದರೇ ಲಾಭ. ಆದರೆ ಕಾರು ಗೊತ್ತುಮಾಡುವ ದಿನವೇ ಅವಳಿಗೆ ಪರೀಕ್ಷೆಯ ಕೊಠಡಿ ಕಾಯುವ ಕೆಲಸ ಬಿತ್ತು. ಕೊಠಡಿಯೊಳಗೆ ಫೋನ್ ಒಯ್ಯುವಂತಿಲ್ಲ. ಬೆಳಿಗ್ಗೆ ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ಅತ್ತೆ, ನೀವೂ ಜೊತೆಗೆ ಹೋಗಿ. ಬರೀ ಬ್ಯಾಟರಿಯಲ್ಲಿ ಓಡೋದೇ ಆಗ್ಬೇಕು. ನಿಮ್ಮ ಮಗ, ಯಾರಾದ್ರೂ ನಗ್ತಾ ಮಾತಾಡಿದ್ರೆ ಕರಗಿಹೋಗ್ತಾರೆ" ಎಂದಳು. ಮನೆಯಲ್ಲಿ ಅಷ್ಟು ಜನರಿರುವಾಗ ನನ್ನನ್ನೇ ನಂಬಿದ್ದು ಏಕೆ ಎಂದು ಕೇಳಬೇಕೆನಿಸಿತು. ಅದೂ ಗಂಟಲಲ್ಲೇ ಉಳಿಯಿತು.

ಮಹೇಶ ಕರಗಲಿಕ್ಕೆ ನಗುವೂ ಬೇಕಾಗಲಿಲ್ಲ, ಒಂದು ಕಿಟಕಿ ಸಾಕಾಯಿತು. ಅಂಗಡಿಯೊಳಗೆ ಕಾಲಿಟ್ಟ ತಕ್ಷಣ ಕಂಡ ಕಾರಿನ ಸೂರಿನಲ್ಲೇ ಒಂದು ಗಾಜಿನ ಕಿಟಕಿ ಇತ್ತು. ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತಿತ್ತು. ಊರಿಗೆಲ್ಲ ಯೂರಿಯಾ ಮಾರುವ ಗಂಭೀರ ಮನುಷ್ಯ, ಸೀಟಿನಲ್ಲಿ ಕುಳಿತು ಐದು ಸಲ ತೆರೆಸಿ ಐದು ಸಲ ಮುಚ್ಚಿಸಿದ. ಅಲ್ಲಿ ತೋರಿಸುತ್ತಿದ್ದವರು ನಲವತ್ತರ ಆಸುಪಾಸಿನ, ಟೈ ಕಟ್ಟಿದ, ದಪ್ಪ ಮೀಸೆಯವರು. ಇಂಗ್ಲಿಷು ಬೆರೆತ ಅಚ್ಚುಕಟ್ಟಾದ ಕನ್ನಡದಲ್ಲಿ ಮೈಲೇಜು, ಟೆಕ್ನಾಲಜಿ ಎಂದು ಹೇಳುತ್ತಲೇ ಇದ್ದರು. ಇದೂ ಹೈಬ್ರಿಡ್ಡೇ, ಹಿಂದೆ ಬರೆದಿದೆ ನೋಡಿ, ನಾಳೆಯೇ ಮನೆಗೆ ಒಯ್ಯಬಹುದು ಎಂದರು. ಮಹೇಶ ರುಜು ಹಾಕಲು ಪೆನ್ನು ತೆಗೆದುಕೊಂಡ. ಆ ಬರಹದ ಹಿಂದೆ ಏನಿದೆ ಎಂದು ಕೇಳಬೇಕು, ಯಾರೂ ಕೇಳುತ್ತಿಲ್ಲ. ನಿಮ್ಮ ತಾತ ಎಲ್ಲಾದರೂ ಪಕ್ಕದಲ್ಲಿ ಇದ್ದಾರೇನೋ ಎಂಬಂತೆ ಒಂದು ಸಲ ಪಕ್ಕಕ್ಕೆ ತಿರುಗಿಯೂ ನೋಡಿದೆ.

ಆಗ ನನ್ನಪ್ಪನ ನೆನಪಾಯಿತು. ಅಪ್ಪ ಜೋಡೆತ್ತು ಕೊಳ್ಳುವಾಗ ಕೊಂಬು, ಸುಳಿ, ಬಣ್ಣ ಎಲ್ಲ ನೋಡಿದ ಮೇಲೆ ನೊಗ ಬಿಚ್ಚಿಸುತ್ತಿದ್ದರು. ಒಂದೊಂದನ್ನೇ ಬೇರೆಯಾಗಿ ಮರದ ದಿಮ್ಮಿಗೆ ಕಟ್ಟಿ ಎಳೆಸಿ ನೋಡುತ್ತಿದ್ದರು. ಜೊತೆಯ ಎತ್ತಿನ ಮೇಲೆ ಭಾರ ಹಾಕಿ ತಾನು ಸುಮ್ಮನೆ ಕತ್ತು ಆಡಿಸಿಕೊಂಡು ಬರುವ ಕಳ್ಳ ಎತ್ತನ್ನು ಹಿಡಿಯಲು ಬೇರೆ ದಾರಿಯಿಲ್ಲ ಎನ್ನುತ್ತಿದ್ದರು. ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ನನ್ನ ಬಾಯಿಂದ ಮಾತು ಹೊರಗೆ ಬಂದೇಬಿಟ್ಟಿತು.

"ಸಾರ್, ಇಂಜಿನ್ನ ನೊಗದಿಂದ ಬಿಚ್ಚಿದ್ರೆ, ಬ್ಯಾಟರಿ ಒಂದೇ ಎಳೀತದಾ?"

ಮಹೇಶ ಮುಖ ಕೆಂಪಗೆ ಮಾಡಿಕೊಂಡು, "ಅವ್ವ, ಕಾರಿಗೆ ಎಲ್ಲಿಯ ನೊಗ, ಸುಮ್ನಿರು" ಎಂದ. ಆದರೆ ಆ ಮೀಸೆಯವರು ನನ್ನ ಕಡೆಗೆ ತಿರುಗಿದರು. ಟೈ ಸ್ವಲ್ಪ ಸಡಿಲ ಮಾಡಿಕೊಂಡರು. ಅವರ ಅಚ್ಚುಕಟ್ಟಾದ ಕನ್ನಡ ಎಲ್ಲಿ ಹೋಯಿತೋ ಕಾಣೆ.

"ನಮ್ದು ತಲಕಾಡು ಕಡೆ ಕಣವ್ವ. ನಮ್ಮಪ್ಪನೂ ಇಂಗೇ ಬಿಚ್ಚಿ ಎಳಸೋರು. ನಿಮ್ಮತ್ರ ಸುಳ್ಯಾಕೆ, ಇದು ಒಂಟಿಯಾಗಿ ಎಳ್ಯಾಕಿಲ್ಲ. ಇಂಜಿನ್ಗೆ ಒಂದ್ ಕೈ ಕೊಡ್ತದೆ, ಅಷ್ಟೆಯ."

ನಾನು ಕ್ಯಾಲೆಂಡರಿನ ಹಾಳೆಯನ್ನು ಸೆರಗಿನ ಗಂಟಿನಿಂದ ಬಿಚ್ಚಿ, ನಮಗೆ ಎಳೆಯುವುದೇ ಬೇಕು, ಇದ್ದರೆ ತೋರಿಸಿ ಎಂದೆ. ಹಿಂದುಗಡೆ ನಿಂತಿದ್ದ ಇನ್ನೊಂದು ಕಾರನ್ನು ಅವರು ತೆಗೆದರು. ಅದರ ಸೂರಿನಲ್ಲಿ ಕಿಟಕಿ ಇರಲಿಲ್ಲ. ಹಿಂದಿನ ಗಲ್ಲಿಯಲ್ಲಿ ನಿಧಾನಕ್ಕೆ ಹೊರಟಿತು, ಸದ್ದಿಲ್ಲ, ನಡುಕವಿಲ್ಲ. ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ಬಾಣ ಬ್ಯಾಟರಿಯಿಂದ ನೇರವಾಗಿ ಚಕ್ರಕ್ಕೆ ಹೋಗುತ್ತಿತ್ತು. ಇಂಜಿನ್ನಿನ ಚಿತ್ರ ಮೂಲೆಯಲ್ಲಿ ತೆಪ್ಪಗೆ ಕುಳಿತಿತ್ತು. ಬ್ರೇಕ್ ಒತ್ತಿದಾಗ ಬಾಣ ಹಿಂದಕ್ಕೆ ತಿರುಗಿ ಬ್ಯಾಟರಿಗೆ ಹೋಯಿತು. ನಮ್ಮ ರಸ್ತೆಯ ಹಂಪುಗಳನ್ನು ಇಷ್ಟು ದಿನ ಬೈದದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡೆ. ಹಿಂದಿನ ಸೀಟಿನಲ್ಲಿದ್ದ ಮಹೇಶ ಒಂದು ಸಲ ಸೂರಿನ ಕಡೆ ನೋಡಿ ನಿಟ್ಟುಸಿರುಬಿಟ್ಟ. ಆಮೇಲೆ, ಇದಕ್ಕೇ ರುಜು ಹಾಕುತ್ತೇನೆ ಎಂದ. ಕಾರು ಕೈಗೆ ಬರಲು ಎರಡು ತಿಂಗಳು ಕಾಯಬೇಕೆಂದರು. ಅಷ್ಟು ವರ್ಷ ನಿಂತು ಹೋದವಳು ಇನ್ನೆರಡು ತಿಂಗಳು ನಿಂತಾಳು ಎಂದು ಸೊಸೆಯ ಪರವಾಗಿ ನಾನೇ ಒಪ್ಪಿಬಿಟ್ಟೆ. ಅವತ್ತು ನನ್ನ ಬಾಯಿಗೆ ಬ್ರೇಕೇ ಇರಲಿಲ್ಲ.

ಪರೀಕ್ಷೆ ಮುಗಿಸಿ ಮನೆಗೆ ಬಂದ ಸುಧಾ ಚಪ್ಪಲಿಯನ್ನೂ ಬಿಡದೆ, ಏನಾಯ್ತು ಅತ್ತೆ ಎಂದಳು. "ಎಳೀತದೆ" ಎಂದೆ. ಅವಳು ಹೊಸಿಲ ಮೇಲೆಯೇ ಕುಳಿತು ನಕ್ಕಳು, ಕಣ್ಣೂ ಒರೆಸಿಕೊಂಡಳು. ಕಾರಿನೊಳಗೆ ನಿಂತು ಸೂರಿನ ಕಿಟಕಿಯಿಂದ ತಲೆ ಹೊರಗೆ ಹಾಕುವ ಆಸೆಯಿಟ್ಟುಕೊಂಡಿದ್ದ ಪ್ರಣವ ಮಾತ್ರ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟ. ಮಾತು ಬಿಡುವುದರಲ್ಲಿ ನಿನ್ನ ಅಜ್ಜಿಯನ್ನು ಮೀರಿಸಲು ಸಾಧ್ಯವೇನೋ ಮಗನೆ?

ಕಾರು ಬಂದ ಮಾರನೆಯ ದಿನ ನಿಮ್ಮಮ್ಮ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಶಾಲೆಗೆ ಹೊರಟಳು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಅವಳೊಂದಿಗೆ ಕೆಲಸ ಮಾಡುವ ಟೀಚರುಗಳೆಲ್ಲ ಓಡಿಬಂದು ನೋಡುತ್ತಾರೆ, ಯಾರು ಆರಿಸಿದ್ದು ಎಂದು ಕೇಳುತ್ತಾರೆ, ಆಗ ನಾನು ತಲೆ ತಗ್ಗಿಸಿಕೊಂಡು ಸುಮ್ಮನಿರಬೇಕು ಎಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡೆ. ತಿ. ನರಸೀಪುರ ಬಂತು, ಶಾಲೆಯ ಗೇಟು ಬಂತು. ಟೀಚರುಗಳು ವರಾಂಡದಲ್ಲಿ ನಮಗೆ ಬೆನ್ನು ಮಾಡಿಕೊಂಡು ಹರಟುತ್ತಿದ್ದರು. ಬ್ಯಾಟರಿ ಒಂದೇ ಎಳೆಯುತ್ತಿತ್ತು. ಕಾರು ಬೆಕ್ಕಿನ ಹಾಗೆ ಅವರ ಹಿಂದೆಯೇ ಹಾದು ಬೇವಿನ ಮರದ ನೆರಳಿನಲ್ಲಿ ನಿಂತಿತು. ಒಬ್ಬರೂ ತಿರುಗಿ ನೋಡಲಿಲ್ಲ. ಹಳೆಯ ಡೀಸೆಲ್ ಜೀಪಾಗಿದ್ದರೆ ಇಷ್ಟು ಹೊತ್ತಿಗೆ ಮಕ್ಕಳೂ ಕಿಟಕಿಗೆ ಬಂದಿರುತ್ತಿದ್ದರು. ಅಷ್ಟು ಹಟ ಹಿಡಿದು ಸದ್ದಿಲ್ಲದ ಕಾರನ್ನು ಆರಿಸಿದವಳು ನಾನೇ ಅಲ್ಲವೇ, ಯಾರನ್ನು ಬೈಯಲಿ?

ಸುಧಾ ಬೆಲ್ಟು ಬಿಚ್ಚುತ್ತಾ, ಇಳಿಯೋಣ ಅತ್ತೆ ಎಂದಳು. ನಾನು ಆ ಕಡೆ ಬಗ್ಗಿ ಹಾರ್ನ್ ಒತ್ತಿದೆ. ವರಾಂಡದಲ್ಲಿದ್ದವರೆಲ್ಲ ತಿರುಗಿದರು. ಹೆಡ್‌ಮಿಸ್ ಕೂಡ ಒಳಗಿನಿಂದ ಹೊರಗೆ ಬಂದರು. ಮಕ್ಕಳೇ, ನಾನು ಹುಟ್ಟಿನಿಂದ ಸಂಕೋಚದ ಹೆಂಗಸು. ಒಂದೇ ಸಲ ಒತ್ತಿ ಬಿಡಬೇಕೆಂದಿದ್ದೆ. ಎರಡನೆಯದು ಕೈ ಜಾರಿ ಆದದ್ದು. ಮೂರನೆಯದಕ್ಕೆ ಏನು ಹೇಳಬೇಕೋ ನನಗೂ ಇನ್ನೂ ಹೊಳೆದಿಲ್ಲ.