ಜೇವರ್ಗಿಯಲ್ಲಿ ನಿಂತ ಆರು ಡಬ್ಬಿ

ಶಾಂತಲಿಂಗಪ್ಪ ಆ ದಿನ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಫಜಲಪುರದ ಬಜಾರಿನಲ್ಲಿ ಬಾಯಿ ಮುಚ್ಚಿಕೊಂಡು ಚಹಾ ಕುಡಿಯುವ ಪದ್ಧತಿಯೇ ಇಲ್ಲ. ಪಕ್ಕದ ಮನೆಯ ದೊಡ್ಡಪ್ಪನೆಂಬವನು ಬಸಿಗೆ ಚಹಾ ಸುರುವಿಕೊಳ್ಳುತ್ತ, "ಯಾಕ್ರಿ ಗುಮಾಸ್ತರ, ಮಾರಿ ಸಣ್ಣದಾಗ್ಯದಲ್ಲ?" ಎಂದು ಕೇಳಿದ.

"ಏನ್ ಹೇಳ್ಲಿ ದೊಡ್ಡಪ್ಪ. ಜೋಳದ ಆರು ಡಬ್ಬಿ ಜೇವರ್ಗಿದಾಗ ನಿಂತುಬಿಟ್ಟಾವ. ಇವತ್ತ ಸಂಜೀತನಕ ಹ್ಯಾಂಗರೆ ಮಾಡಿ ಆಳಂದಕ್ಕ ಮುಟ್ಟಿಸಬೇಕು."

"ಮುಟ್ಟಸ್ರಿ, ಮುಟ್ಟಸ್ರಿ" ಎಂದ ದೊಡ್ಡಪ್ಪ. ಅವನಿಗೆ ವಿಷಯ ಗೊತ್ತಿತ್ತು. ಪಕ್ಕದ ಬಾಕಿನ ಮೇಲೆ ಕೂತಿದ್ದ ಅಪರಿಚಿತನಿಗೆ ಗೊತ್ತಿರಲಿಲ್ಲ. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಅದು ನಲವತ್ತೆಂಟನೆಯ ಇಸವಿಯ ಸುಗ್ಗಿ ಕಾಲ. ನಾಳೆ ನಮ್ಮನ್ನು ಯಾರು ಆಳುತ್ತಾರೆ ಎಂಬುದು ನಿಜಾಮರ ಸೀಮೆಯಲ್ಲಿ ಯಾರಿಗೂ ಖಾತ್ರಿ ಇರಲಿಲ್ಲ. ಯಾರೇ ಆಳಲಿ, ಲೇವಿ ಎಂದು ಹೇಳಿ ನಮ್ಮ ಜೋಳ ಎತ್ತಿಕೊಂಡು ಹೋಗುತ್ತಾರೆ ಎಂಬುದು ಮಾತ್ರ ಖಾತ್ರಿ ಇತ್ತು. ಸರಕಾರದ ಪಾಲು ಕೊಟ್ಟ ಮೇಲೆ ಉಳಿದ ಕಾಳನ್ನೂ ಇಜಾಜತ್ ಎಂಬ ಪರವಾನಗಿ ಇಲ್ಲದೆ ಒಂದು ತಾಲೂಕಿನಿಂದ ಇನ್ನೊಂದಕ್ಕೆ ಸಾಗಿಸಿದರೆ ನೇರವಾಗಿ ಪೊಲೀಸರ ಹವಾಲಾತು. ಎದ್ದು ಹೋದವನು ಲೇವಿ ವಸೂಲಿಗೆ ಬಂದ ಹೊಸ ಗಿರ್ದಾವರ ಸಾಹೇಬರ ಚಪರಾಸಿ.

ಇಷ್ಟಕ್ಕೂ ಡಬ್ಬಿ ಎಂದರೆ ರೈಲಿನ ಡಬ್ಬಿ, ಆದರೆ ಆಳಂದಕ್ಕಾಗಲಿ ಅಫಜಲಪುರಕ್ಕಾಗಲಿ ಜೇವರ್ಗಿಗಾಗಲಿ ರೈಲು ಎಂಬುದೇ ಇರಲಿಲ್ಲ. ಯಾವ ಸರಕಾರದ ಕೈಯಲ್ಲೂ ಆಗದ ಈ ಕೆಲಸವನ್ನು ಶಾಂತಲಿಂಗಪ್ಪ ಒಬ್ಬನೇ ತನ್ನ ಪಡಸಾಲೆಯಲ್ಲಿ ಮಾಡಿ ಮುಗಿಸಿದ್ದ. ಹೊಸ್ತಿಲ ಹತ್ತಿರ ಜೇವರ್ಗಿ, ನಡುಗಂಬದ ಬುಡಕ್ಕೆ ಅಫಜಲಪುರ, ಅಡುಗೆಮನೆಯ ಬಾಗಿಲಿಗೆ ಆಳಂದ. ಬಿದಿರು ಸೀಳಿ ಹಳಿ ಹಾಕಿದ್ದ. ಘಾಸಲೇಟ್ ಎಣ್ಣೆಯ ಡಬ್ಬಿಗಳನ್ನು ಕತ್ತರಿಸಿ ಕಟ್ಟಿದ ಡಬ್ಬಿಗಳಿಗೆ ದರ್ಜಿ ಎಸೆದ ದಾರದ ರೀಲುಗಳೇ ಗಾಲಿ. ಒಡೆದ ಕಂದೀಲು ಇಂಜಿನ್ ಆಗಿತ್ತು. ಹುರಿ ಕಟ್ಟಿ ಎಳೆದರೆ ಗಾಡಿ ಗಡಗಡ ಎಂದು ಹೊರಡುತ್ತಿತ್ತು.

ಈ ಹುಚ್ಚಿಗೆ ಕಾರಣವಿತ್ತು. ಶಾಂತಲಿಂಗಪ್ಪ ಸರ್ವಿಸೆಲ್ಲ ರೈಲ್ವೆಯ ಮಾಲು ಗೋದಾಮಿನಲ್ಲಿ ಗುಮಾಸ್ತನಾಗಿಯೇ ಸವೆದವನು. ಹಸಿರು ನಿಶಾನಿ ತೋರಿಸಿ ಗಾಡಿ ಬಿಡುವ ಭಾಗ್ಯ ಸ್ಟೇಶನ್ ಮಾಸ್ತರರದು. ಹರಿದ ಚೀಲ ಹೊಲಿಸುವ ಭಾಗ್ಯ ಇವನದು. ಮಾಸ್ತರರು ಎಷ್ಟೋ ಮಂದಿ ಬಂದು ಹೋದರು, ಇವನು ಚೀಲದ ಹತ್ತಿರವೇ ಉಳಿದ. ಅಷ್ಟು ವರ್ಷ ಅವನನ್ನು ಕಾಪಾಡಿದ್ದು ಒಂದೇ ಒಂದು ಮಾತು. ಬೆಲ್ಲ ಕರಗಿದರೂ, ಚೀಲ ಕಡಿಮೆ ಬಿದ್ದರೂ, ಇನ್ಸ್‌ಪೆಕ್ಟರರು ಕಣ್ಣು ಕೆಂಪು ಮಾಡಿದರೂ ಅವನು ಕೈಮುಗಿದು, "ನಾ ಬರೇ ಗುಮಾಸ್ತ ಅದೀನ್ರಿ, ಮಾಸ್ತರ್ ಸಾಹೇಬರನ್ನ ಕೇಳ್ರಿ" ಎಂದುಬಿಡುತ್ತಿದ್ದ. ಈ ಮಾತಿಗೆ ತಾನೇ ನಾಚಿಕೊಂಡು ಸಾಕಾಗಿ, ಪೆನ್ಶನ್ ಆದ ಮೇಲೆ ತನ್ನದೇ ರೈಲ್ವೆ ಕಟ್ಟಿ, ತಾನೇ ಮಾಸ್ತರನಾಗಿ, ಹಸಿರು ನಿಶಾನಿ ಹಿಡಿದಿದ್ದ. ನಿಶಾನಿಯ ಬಟ್ಟೆ ಮಾತ್ರ ಹೆಂಡತಿಯ ತವರಿನ ಖಣ.

ಆಟವೆಂದರೆ ಅವನಿಗೆ ಸಿಟ್ಟು ಬರುತ್ತಿತ್ತು. "ಆಟ ಅಲ್ಲಪಾ, ಮಾಲ್ ಸಾಗಾಟ" ಎನ್ನುತ್ತಿದ್ದ. ಡಬ್ಬಿಗಳಲ್ಲಿ ನಿಜವಾದ ಜೋಳ, ನಿಜವಾದ ತೊಗರಿಬೇಳೆ. ಟಪಾಲು ಒಯ್ಯುವ ಡಾಕ್ ಗಾಡಿ ದಾಟುವವರೆಗೆ ಗೂಡ್ಸ್ ಗಾಡಿ ಬದಿಯ ಹಳಿಯಲ್ಲಿ ನಿಲ್ಲಲೇಬೇಕು. ಡಾಕ್ ಗಾಡಿಯನ್ನು ಅವನು ಇನ್ನೂ ಮಾಡಿಯೇ ಇರಲಿಲ್ಲ. ಆದರೂ ಗೂಡ್ಸ್ ಅದಕ್ಕಾಗಿ ಕಾಯುತ್ತಿತ್ತು. ಗೋದಾಮಿನಲ್ಲಿ ಹಮಾಲರು ಮುಕ್ಕುವ ಪಾಲನ್ನು ಇಲ್ಲಿ ಗುಬ್ಬಿಗಳು ಮುಕ್ಕುತ್ತಿದ್ದವು.

ಚಹಾ ಕುಡಿದು ಮನೆಗೆ ಬಂದಾಗ ಹೆಂಡತಿ ಗುರುಶಾಂತಮ್ಮ ಆಳಂದದಲ್ಲಿ ನಿಂತಿದ್ದಳು. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಶಾಂತಿ ಇತ್ತು. ಮನೆಗೆ ಅಂತ ಉಳಿದಿರಲಿಲ್ಲ.

"ತೊಗರಿಬ್ಯಾಳಿ ಎಲ್ಲದರಿ?"

"ಅಫಜಲಪುರದಾಗ ಅದ. ಡಾಕ್ ಗಾಡಿ ತಡಾ ಆಗ್ಯದ."

"ಅಫಜಲಪುರ ಅಂದ್ರ ಈ ಕಂಬಾ ಹೌದಲ್ರೀ? ಕೈ ಚಾಚಿ ತಗದು ಕೊಡ್ರಿ."

"ಕೈ ಚಾಚಿ ತಗದು ಕೊಟ್ರ ಅದು ರೈಲ್ವೆ ಹ್ಯಾಂಗ ಆಗ್ತದ?"

"ಒಲಿ ಮ್ಯಾಲ ಎಸರು ಕುದ್ದು ಅರ್ಧ ಆಗ್ಯದ. ಲೇವಿದವರು ಒಯ್ದು ಉಳಿದದ್ದು ಒಂದ್ ಗಡಗಿ ಜೋಳ, ಅದರಾಗ ನೀವು ಆರು ಡಬ್ಬಿ ತುಂಬೀರಿ. ಹಾಳೆದಂಥಾ ರೊಟ್ಟಿ ಬಡದು ಬಡದು ನನಗ ನಾಚಿಕಿ ಬರಾಕತ್ತದ."

ಶಾಂತಲಿಂಗಪ್ಪ ಬೈಸಿಕೊಂಡ, ಆದರೆ ಬೇಜಾರಾಗಲಿಲ್ಲ. ಬಾಯಲ್ಲಿ ಏನೇ ಬೈದರೂ ಹೆಂಡತಿಗೆ ತನ್ನ ರೈಲ್ವೆಯ ಮೇಲೆ ಒಳಗೊಳಗೇ ಪ್ರೀತಿ ಇದೆ ಎಂಬುದಕ್ಕೆ ಅವನ ಬಳಿ ಗುಡ್ಡದಂಥ ಸಾಕ್ಷಿ ಇತ್ತು. ಹಿಂದಿನ ತಿಂಗಳು ಅವನು ಘತ್ತರಗಿಗೆ ಭಾಗ್ಯವಂತಿಯ ದರ್ಶನಕ್ಕೆ ಹೋಗಿ ಬರುವಷ್ಟರಲ್ಲಿ, ಅಫಜಲಪುರ ಆಳಂದಗಳ ನಡುವೆ ಗುರುಶಾಂತಮ್ಮ ಒಂದು ಗುಡ್ಡ ಎಬ್ಬಿಸಿದ್ದಳು. ಮಣ್ಣು ಸೆಗಣಿ ಮೆತ್ತಿ, ಮೇಲೆ ಹುಲ್ಲು ಸಿಗಿಸಿ, ನಡುವೆ ಗಾಡಿ ಹಾಯುವಷ್ಟು ಸುರಂಗ ಬಿಟ್ಟಿದ್ದಳು. ನೋಡಿ ಅವನ ಕಣ್ಣಲ್ಲಿ ನೀರು ಬಂತು. ನಿಯಮದ ಮನುಷ್ಯನಾದ್ದರಿಂದ, "ಅಫಜಲಪುರಕ್ಕೂ ಆಳಂದಕ್ಕೂ ನಡುವ ಗುಡ್ಡ ಇಲ್ಲಲ್ಲ?" ಎಂದೂ ಕೇಳಿದ್ದ.

"ರೈಲರೆ ಎಲ್ಲದ? ಇಲ್ಲದ ರೈಲಿಗಿ ಇಲ್ಲದ ಗುಡ್ಡ. ಕೈ ಹಚ್ಚಬ್ಯಾಡ್ರಿ, ಇನ್ನಾ ಹಸೀ ಅದ" ಎಂದಿದ್ದಳು ಅವಳು.

ಎಸರಿನ ಜಗಳ ಇನ್ನೂ ಮುಗಿದಿರಲಿಲ್ಲ, ಹಿಂದಿನ ಓಣಿಯ ಪ್ಯಾರಿಬಿ ಏದುಸಿರು ಬಿಡುತ್ತ ಒಳಗೆ ನುಗ್ಗಿದಳು. ಊರಿನ ಯಾವ ಸುದ್ದಿಯೂ ಪ್ಯಾರಿಬಿಯ ಕೈ ತಪ್ಪಿ ಮುಂದೆ ಹೋದದ್ದಿಲ್ಲ. "ಅಕ್ಕಾ, ಗಿರ್ದಾವರ ಸಾಹೇಬ್ರು ನಿಮ್ಮ ಮನೀಗೆ ಬರಾಕತ್ತಾರ! ಚಪರಾಸಿ ಕೈಯಾಗ ಕಬ್ಬಿಣದ ಸಲಾಕಿ ಅದ. ಜೇವರ್ಗಿಲಿಂದ ಆರು ಡಬ್ಬಿ ಜೋಳ ಕದ್ದು ಆಳಂದಕ್ಕ ಹೊಂಟದಂತ!"

"ನಮ್ಮ ಕಡಿ ರೈಲೇ ಇಲ್ಲ ಅಂತ ಯಾರೂ ಹೇಳಲಿಲ್ಲೇನು?" ಎಂದ ಶಾಂತಲಿಂಗಪ್ಪ.

"ಹೇಳಿದ್ರು. ರೈಲ್ ಇಲ್ಲದ ಊರಾಗ ಡಬ್ಬಿ ಮಾತ ಆಡ್ತಾನ ಅಂದ್ರ ಅದು ಕಳ್ಳರ ಗುಪ್ತ ಮಾತ ಅಂತ ಸಾಹೇಬ್ರು ಅಂದ್ರು."

ಗುರುಶಾಂತಮ್ಮನ ಮುಖ ಬಿಳಿಚಿತು. ಗುಡ್ಡದ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ನನ್ನ ಸುರಂಗಕ್ಕಾಗಿ ಎಷ್ಟು ಮರುಗುತ್ತಾಳೆ ಎಂದು ಶಾಂತಲಿಂಗಪ್ಪ ಅಂದುಕೊಂಡ. ಹವಾಲಾತಿಗಿಂತ ಅವನಿಗೆ ಆ ರೈಲ್ವೆಯದೇ ಚಿಂತೆ. ಸಾಹೇಬರ ಬೂಟುಗಾಲು ಒಂದು ಸಲ ಬಿದ್ದರೆ ಮೂರು ತಾಲೂಕು ಒಟ್ಟಿಗೆ ಪುಡಿಯಾಗುತ್ತವೆ. ಆಮೇಲೆ ತಾನು ಯಾವ ಸ್ಟೇಶನ್ನಿನ ಮಾಸ್ತರ?

ಗದ್ದಲ ಕೇಳಿ ದೊಡ್ಡಪ್ಪ ಓಡಿಬಂದ. ಉಪಾಯ ಹೇಳುವುದರಲ್ಲಿ ಅವನದು ಧಾರಾಳ ಕೈ. "ಹೆದರಬ್ಯಾಡ್ರಿ ಗುಮಾಸ್ತರ. ಮ್ಯಾಲ ಕಂಬಳಿ ಹಾಸ್ರಿ, ಜ್ವರಾ ಬಂದವರಂಗ ನಾ ಮಲಗ್ತೇನಿ. ಮಲಗಿದವನ್ನ ಎಬ್ಬಿಸಿ ಯಾರ ನೋಡ್ತಾರ?" ಎಂದವನೇ ಜೇವರ್ಗಿಯ ಆರೂ ಡಬ್ಬಿ ಹತ್ತಿರ ಎಳೆದು, ಮೇಲೆ ಕಂಬಳಿ ಹಾಸಿ ಅಫಜಲಪುರದ ಮೇಲೆ ಮೈಚೆಲ್ಲಿದ. ಪುಣ್ಯಕ್ಕೆ ಗುಡ್ಡ ಅವನ ತಲೆಯಾಚೆ ಉಳಿಯಿತು.

ಗಿರ್ದಾವರ ಸಾಹೇಬರು ಬೀದರ ಕಡೆಯವರು. ಕನ್ನಡ ಉರ್ದು ಎರಡನ್ನೂ ಒಂದೇ ತಟ್ಟೆಯಲ್ಲಿ ಕಲಸಿ ಮಾತಾಡುವವರು. ಹೊಸ್ತಿಲ ಒಳಗೆ ಬಂದವರೇ ಕಂಬಳಿಯ ಕಡೆ ಕೈ ಮಾಡಿದರು. "ಯೇ ಕೌನ್? ಯಾರಿವ?"

"ಬಾಜೂಮನಿ ದೊಡ್ಡಪ್ಪ ಇದಾನ್ರಿ. ಜ್ವರಾ ಬಂದಾವ್ರಿ" ಎಂದ ಶಾಂತಲಿಂಗಪ್ಪ.

"ತನ್ನ ಮನಿ ಬಿಟ್ಟು ನಿಮ್ಮ ಮನ್ಯಾಗ ಯಾಕ ಮಲಗ್ಯಾನ?"

ಇದನ್ನು ಯಾರೂ ಯೋಚಿಸಿರಲಿಲ್ಲ. ದೊಡ್ಡಪ್ಪ ಉತ್ತರದ ಬದಲು ನರಳಿದ. ಆ ನರಳಿಕೆ ಮಾತ್ರ ನಿಜವಾದದ್ದು, ಯಾಕೆಂದರೆ ಅಫಜಲಪುರದ ಸಿಗ್ನಲ್ ಕಂಬ ಅವನ ಬೆನ್ನಿಗೆ ಚುಚ್ಚುತ್ತಿತ್ತು. ತಡೆಯಲಾರದೆ ಅವನು ಮಗ್ಗಲು ಬದಲಿಸಿದ. ಕಂಬಳಿಯ ಅಡಿಯಿಂದ ಒಂದು ಡಬ್ಬಿ ಗಡಗಡ ಎಂದು ಉರುಳಿ ಬಂದು, ಸಾಹೇಬರ ಬೂಟಿಗೆ ಬಡಿದು, ಒಂದು ಹಿಡಿ ಜೋಳ ಚೆಲ್ಲಿತು.

ಚಪರಾಸಿ ಕಂಬಳಿ ಎಳೆದ. ದೊಡ್ಡಪ್ಪನ ಜ್ವರ ಬಿಟ್ಟಿತು.

"ಜೋಳ ಖರೇದೇನು?" ಎಂದರು ಸಾಹೇಬರು.

"ಖರೇನೇ ಅದರಿ."

"ಜೇವರ್ಗಿಲಿಂದ ಆಳಂದಕ್ಕ ಹೊಂಟದೇನು?"

"ಹೌದ್ರಿ... ಆದ್ರ ನೀವ್ ನಿಂತೀರಲ್ರಿ, ಅದಾ ಜೇವರ್ಗಿ."

"ಮಜಾಕ್ ಬ್ಯಾಡ. ಹಿಡೀ ಜೋಳಾನೂ ಜೋಳಾನೇ. ಇಜಾಜತ್ ಇಲ್ದ ಸಾಗಸಾಕತ್ತೀರಿ. ಇಷ್ಟ ಇಲ್ಲಿ ಅದ ಅಂದ್ರ ಉಳಿದದ್ದು ಎಲ್ಲಾರೆ ಇರಲೇಬೇಕು. ಏ, ಸಲಾಕಿ ಚುಚ್ಚಿ ನೋಡು ಎಲ್ಲಾ ಕಡಿ. ಹಾಂ, ಈ ಸಾಗಾಟದ ಜಿಮ್ಮೇದಾರ ಯಾರು? ನೀನ ಏನು?"

ಇದೇ ಆ ಗಳಿಗೆ. ಜನ್ಮವೆಲ್ಲ ಕಾದ ಪ್ರಶ್ನೆ. "ಹೌದ್ರಿ, ನಾನೇ ಮಾಸ್ತರ" ಎಂದು ಎದೆ ಉಬ್ಬಿಸಿ ಹೇಳಲು ಶಾಂತಲಿಂಗಪ್ಪ ಬಾಯಿ ತೆರೆದ. ಆದರೆ ಬಾಯಿಗೆ ಹಳೆಯ ರೂಢಿ. ಕೈ ತಾನಾಗಿ ಮುಗಿಯಿತು.

"ನಾ ಬರೇ ಗುಮಾಸ್ತ ಅದೀನ್ರಿ, ಮಾಸ್ತರ್ ಸಾಹೇಬರನ್ನ ಕೇಳ್ರಿ!"

ದೊಡ್ಡಪ್ಪ ಕೂಡ ಬಾಯಿ ಬಿಟ್ಟು ನೋಡಿದ. "ಯಾರು ಆ ಮಾಸ್ತರ?" ಎಂದರು ಸಾಹೇಬರು. ಅತ್ತ ಚಪರಾಸಿ ಹಾಸಿಗೆ ಚುಚ್ಚಿ, ಹುಲ್ಲಿನ ಹೊರೆ ಚುಚ್ಚಿ, ಸಲಾಕೆ ಎತ್ತಿ ಗುಡ್ಡದ ಕಡೆ ಹೆಜ್ಜೆ ಹಾಕಿದ.

"ನಾನ್ರಿ ಮಾಸ್ತರ!"

ಗುರುಶಾಂತಮ್ಮ ತಲೆಯ ಮೇಲೆ ಸೆರಗು ಹೊದ್ದು ಅಡುಗೆಮನೆಯಿಂದ ಹೊರಗೆ ಬಂದಳು. ಒಂದು ಕೈಯಲ್ಲಿ ಹಸಿರು ನಿಶಾನಿ, ಇನ್ನೊಂದರಲ್ಲಿ ಕೆಂಪು. ಕೆಂಪನ್ನು ಚಪರಾಸಿಯ ಮೂಗಿಗೇ ಹಿಡಿದಳು. "ಏ ತಮ್ಮಾ, ನಿಂದ್ರು! ಲೈನ್ ದಾಟಬ್ಯಾಡ. ಗಾಡಿ ಬಿಡೋ ಹೊತ್ತದ, ಕಾಲ್ ಹೋದ್ರ ರೈಲ್ವೆಯವರ ಜಿಮ್ಮಾ ಅಲ್ಲ."

ಆ ದನಿಗೆ ಚಪರಾಸಿ ಇದ್ದಲ್ಲೇ ನಿಂತ. ಸಾಹೇಬರೂ ಒಂದು ಹೆಜ್ಜೆ ಹಿಂದೆ ಸರಿದರು.

"ಗಾಡಿ ಬಿಡ್ತೀರಿ ಅಂದ್ರ ಬಿಡ್ರಿ, ನೋಡೂಣು" ಎಂದರು.

"ಹಾಂಗ ಬಿಡಾಕ ಬರಂಗಿಲ್ರಿ. ಡಾಕ್ ಗಾಡಿ ಹೋಗೂತನಕ ಗೂಡ್ಸ್ ನಿಂದ್ರಬೇಕು."

"ಡಾಕ್ ಗಾಡಿ ಎಲ್ಲದ?"

"ತಡಾ ಅದರಿ."

ಸಾಹೇಬರು ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಿಲ್ಕುಲ್ ಖರೇ! ನನ್ನ ಶಾದಿಗೆ ನಾ ಹೊಂಟ ಗಾಡಿನೂ ಹಿಂಗೇ ತಡಾ ಆಗಿತ್ತು!" ಎಂದು ಬೂಟು ಕಳಚಿ ಜೇವರ್ಗಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

ಆಮೇಲೆ ನಡೆದದ್ದನ್ನು ಶಾಂತಲಿಂಗಪ್ಪನ ಕಣ್ಣು ನೋಡಬಾರದಿತ್ತು. ಸಾಹೇಬರು ಹುರಿ ಎಳೆದರು, ದೊಡ್ಡಪ್ಪ ಬಾಯಲ್ಲಿ ಸೀಟಿ ಊದಿದ, ಪ್ಯಾರಿಬಿ ಅಫಜಲಪುರದಲ್ಲಿ ಬೇಳೆ ಏರಿಸಿದಳು, ಗುರುಶಾಂತಮ್ಮ ಹಸಿರು ನಿಶಾನಿ ಬೀಸಿದಳು. ಅವನಿಗೆ ಸಿಕ್ಕ ಕೆಲಸ ಚಹಾ ತರುವುದು. ಗಾಡಿ ಗುಡ್ಡದೊಳಗೆ ಹೊಕ್ಕಾಗ ಸಾಹೇಬರು ನೆಲಕ್ಕೆ ಕೆನ್ನೆ ಹಚ್ಚಿ ಸುರಂಗ ಇಣುಕಿದರು, ಎದ್ದು ಗುಡ್ಡದ ಬೆನ್ನು ತಟ್ಟಿದರು. "ಗುಡ್ಡ ಭಾಳ ಗಟ್ಟಿ ಆಗ್ಯದ!"

"ಗಟ್ಟಿ ಇರಬೇಕ್ರಿ" ಎಂದಳು ಗುರುಶಾಂತಮ್ಮ. ಅವಳ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

ಹೊರಡುವಾಗ ಸಾಹೇಬರು, "ಈ ರೈಲ್ವೆಕ್ಕ ನನ್ನ ಇಜಾಜತ್ ಅದ. ಬಜಾರದ ದಿನಕ್ಕೊಮ್ಮಿ ಬಂದು ನೋಡ್ತೇನಿ. ಆದ್ರ ಮಾಸ್ತರ್ ಅವ್ವಾರ, ನಿಮ್ಮ ಗುಮಾಸ್ತನ ಬಾಯಿ ಭಾಳ ಸಡಲ ಅದ. ಸ್ವಲ್ಪ ಬಿಗೀ ಇಡ್ರಿ" ಎಂದು ಹೇಳಿಹೋದರು. ಪ್ಯಾರಿಬಿ ಈ ಸುದ್ದಿಯನ್ನು ಊರಿಗೆ ಹಂಚಲು ಅವರಿಗಿಂತ ಮುಂಚೆಯೇ ಹೊರಬಿದ್ದಿದ್ದಳು.

ಶಾಂತಲಿಂಗಪ್ಪ ಉಸಿರು ಬಿಟ್ಟು ನಿಶಾನಿಗೆ ಕೈ ಚಾಚಿದ. "ಕೊಡು ಇನ್ನ."

"ಯಾಕ ಕೊಡ್ಲಿ? ನೀವು ಬರೇ ಗುಮಾಸ್ತ ಅಂತ ನೀವೇ ಹೇಳೀರಿ. ಖಣಾನೂ ನಮ್ಮ ತವರಿಂದು."

"ಹೌದ್ರಿ, ನಾನೂ ಕೇಳೀನಿ" ಎಂದ ದೊಡ್ಡಪ್ಪ, ಬೆನ್ನು ತಿಕ್ಕಿಕೊಳ್ಳುತ್ತ ಮನೆಗೆ ನಡೆದ.

ಶಾಂತಲಿಂಗಪ್ಪ ನೆಲಕ್ಕೆ ಕುಸಿದು ಕೂತ. ಅವನಿಗೆ ನಿಜವಾಗಿಯೂ ಅಳು ಬಂದಿತ್ತು. ಆದರೂ ಅಭಿಮಾನ ತಡೆಯದೆ ಹೇಳಿದ: "ಇರಲಿ ಬಿಡು. ನನ್ನ ಸುರಂಗದ ಸಲುವಾಗಿ ಸಲಾಕಿಗೆ ಅಡ್ಡ ನಿಂತಿ. ಇಷ್ಟು ಪ್ರೀತಿ ಅದ ಅಂತ ತಿಳಿದಿದ್ದಿಲ್ಲ."

ಗುರುಶಾಂತಮ್ಮ ಬಾಗಿಲಿಗೆ ಅಗುಳಿ ಹಾಕಿದಳು. ಗುಡ್ಡದ ಹಿಂಬದಿಗೆ ಹೋಗಿ, ಸೌಟಿನಿಂದ ಮಣ್ಣು ಕೆರೆದು, ಒಳಗಿನ ಚಿಂದಿಯ ಬಿರಡೆ ಕಿತ್ತು, ಮೊರ ಹಿಡಿದಳು. ಬಿಳಿ ಜೋಳ ಸರ್ರನೆ ಸುರಿಯಿತು.

"ಎರಡು ಚೀಲ ಅದಾವ" ಎಂದಳು. "ವರ್ಷದ ಕೂಳು. ನಿಮಗ ಹೇಳಿದ್ರ ಚಹಾದಂಗಡ್ಯಾಗ ಹೇಳ್ತಿದ್ರಿ."

ಆ ಸಂಜೆ ಎಷ್ಟೋ ದಿನಗಳ ಮೇಲೆ ದಪ್ಪನೆಯ ಬಿಸಿ ರೊಟ್ಟಿ ತಟ್ಟೆಗೆ ಬಿತ್ತು. ಜೊತೆಗೆ ಅಫಜಲಪುರದಿಂದ ಕೊನೆಗೂ ಬಂದು ಮುಟ್ಟಿದ ತೊಗರಿಬೇಳೆ. ಶಾಂತಲಿಂಗಪ್ಪ ಮೊದಲ ತುತ್ತು ನುಂಗಿ ಪಡಸಾಲೆಯ ಕಡೆ ತಿರುಗಿದ. ಗುಡ್ಡದ ಒಂದು ಭುಜ ಆಗಲೇ ಕುಸಿದಿತ್ತು. ಸುರಂಗದ ಬಾಯಿ ಸೊಟ್ಟಗಾಗಿತ್ತು. ಹಿಂಗೇ ಉಣ್ಣುತ್ತ ಹೋದರೆ ಮಳೆಗಾಲದ ಹೊತ್ತಿಗೆ ಇಂಜಿನ್ ಹಾಯಲಾರದು. ಉಣ್ಣದಿದ್ದರೆ ತಾನು ಹಾಯಲಾರ.

"ಇನ್ನೊಂದು ರೊಟ್ಟಿ ಹಾಕ್ಲಿ?" ಎಂದಳು ಗುರುಶಾಂತಮ್ಮ. ಹಸಿರು ನಿಶಾನಿಯನ್ನು ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಅವನು ಗುಡ್ಡ ನೋಡಿದ, ರೊಟ್ಟಿ ನೋಡಿದ. ಎರಡೂ ಕೈ ಮುಗಿದ.

"ನಾ ಬರೇ ಗುಮಾಸ್ತ ಅದೀನ್ರಿ. ಮಾಸ್ತರ್ ಸಾಹೇಬರು ಹೇಳಿದಂಗ."