ಸದ್ದಿಲ್ಲದ ಬೀಚಿಗೆ ನಮ್ಮ ಸಂಸಾರ

ಬೇರೆಯವರ ಮಾನ ಹೋಗಬೇಕಾದರೆ ಅವರು ಏನಾದರೂ ತಪ್ಪು ಮಾಡಬೇಕಾಗುತ್ತದೆ. ನಮ್ಮ ಮನೆಮಂದಿ ಹೊಸಿಲು ದಾಟಿದರೆ ಸಾಕು. ಲಂಡನ್ನಿನ ಕ್ರೋಯ್ಡನ್‌ನಲ್ಲಿ ಮನೆ ಮಾಡಿದ ಮೇಲೆ ಟ್ರಾಮಿನಲ್ಲಿ ಹೋಗಿದೆ, ಟೂಟಿಂಗ್‌ನ ದೋಸೆ ಹೋಟೆಲಿನಲ್ಲಿ ಹೋಗಿದೆ, ಮಗಳ ಶಾಲೆಯಲ್ಲಂತೂ ವರ್ಷಕ್ಕೊಮ್ಮೆ ತಪ್ಪದೆ ಹೋಗಿದೆ. ಆದರೆ ಅವೆಲ್ಲ ಚಿಲ್ಲರೆ. ಸಗಟಾಗಿ ಹೋದದ್ದು ಒಂದೇ ಸಲ, ಮೆಡಿಟರೇನಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ. ದ್ವೀಪದ ಹೆಸರು ಹೇಳುವುದಿಲ್ಲ. ಅಲ್ಲಿಯವರು ಇಷ್ಟು ಹೊತ್ತಿಗೆ ನಮ್ಮನ್ನು ಮರೆತಿರಬಹುದು.

ಷರತ್ತು

ನನ್ನ ಗಂಡ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಅವರ ಕ್ಲಿನಿಕ್ಕಿನ ನರ್ಸ್ ಒಬ್ಬಳು ಆ ಜಾಗವನ್ನು ಹೊಗಳಿದ್ದಳಂತೆ. "ಬಿಳಿ ಮರಳು, ಜನ ಕಡಿಮೆ, ಒಂದು ಸದ್ದಿಲ್ಲ" ಎಂದು ಇವರು ಮನೆಗೆ ಬಂದು ಹೇಳಿದರು. ಸದ್ದಿಲ್ಲ ಎಂದ ಕೂಡಲೇ ನಾನು ಒಳಕೋಣೆಯ ಕಡೆ ನೋಡಿದೆ. ಆ ಬೇಸಿಗೆ ಮೈಸೂರಿನಿಂದ ನಮ್ಮ ಅತ್ತೆಯೂ ಬಂದಿದ್ದರು. ಅವರು ಮೆಲ್ಲಗೆ ಮಾತಾಡಿದರೂ ಮೂರನೇ ಮನೆಯವರು "ಏನಂದ್ರಿ?" ಎಂದು ಕೇಳುತ್ತಿದ್ದರು.

ಮಗಳಿಗೆ ಆಗ ಹದಿನಾಲ್ಕು. ತನ್ನ ಕೋಣೆಯ ಬಾಗಿಲು ಹಾಕಿಕೊಂಡರೆ ಊಟಕ್ಕಷ್ಟೇ ತೆಗೆಯುವ ವಯಸ್ಸು. ಬರುತ್ತೇನೆ ಎಂದಳು, ಆದರೆ ಷರತ್ತು ಹಾಕಿದಳು. ಬೀಚಿನಲ್ಲಿ ಅವಳು ದೂರ ಕೂರುತ್ತಾಳೆ. ಯಾರಾದರೂ ಕೇಳಿದರೆ ನಾವು ಅವಳಿಗೆ ಗೊತ್ತಿಲ್ಲ, ಅವಳು ನಮಗೆ ಗೊತ್ತಿಲ್ಲ. "ಒಂದು ಸಲ ನನ್ನ ಮಾನ ಕಳೆದರೂ ಇದೇ ಕೊನೆ ಮಮ್, ಇನ್ನು ನಿಮ್ಮ ಜೊತೆ ಎಲ್ಲಿಗೂ ಬರೋದಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಸಂಕಟವಾಯಿತು. ಹೇಗಾದರೂ ಮಾಡಿ ಈ ಒಂದು ವಾರ ಸುಸೂತ್ರವಾಗಿ ಮುಗಿಸಿ ಮುಂದಿನ ವರ್ಷವೂ ಅವಳನ್ನು ಉಳಿಸಿಕೊಳ್ಳಬೇಕು ಎಂದು ಒಪ್ಪಿಕೊಂಡೆ.

ಅತ್ತೆಗೆ ವಿಷಯ ತಿಳಿಸಿದೆ. "ಅದಕ್ಕೇನಂತೆ, ನಾನು ಬಾಯೇ ಬಿಡಲ್ಲ" ಎಂದರು. ಪಕ್ಕದ ಮನೆಯವರಿಗೂ ಈ ಷರತ್ತು ಗೊತ್ತಾದದ್ದು ಆಗಲೇ.

ಸಾಲು

ವಿಮಾನ ನಿಲ್ದಾಣದಲ್ಲಿ ನಮ್ಮ ಸೂಟ್‌ಕೇಸು ತೂಕ ಹೆಚ್ಚಾಯಿತು. ಆಗಲೇಬೇಕು. ಒಳಗೆ ಕುಕ್ಕರ್ ಇತ್ತು, ಕುಕ್ಕರಿನೊಳಗೆ ಅಕ್ಕಿ, ಅಕ್ಕಿಯೊಳಗೆ ಪುಳಿಯೋಗರೆ ಗೊಜ್ಜಿನ ಡಬ್ಬಿ. ಕೌಂಟರಿನ ಹುಡುಗಿ ಕಡಿಮೆ ಮಾಡಿ ಎಂದಳು. ಅತ್ತೆ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತು ಸೂಟ್‌ಕೇಸನ್ನು ಹರವಿದರು. ಇವರು ಷರ್ಟಿನ ಮೇಲೆ ಷರ್ಟು ತೊಟ್ಟರು, ಅದರ ಮೇಲೆ ಇನ್ನೊಂದು. ನಾನು ಕುಕ್ಕರನ್ನು ಮಗುವಿನ ಹಾಗೆ ಶಾಲು ಸುತ್ತಿ ಎತ್ತಿಕೊಂಡೆ. ಹಿಂದಿದ್ದ ಹೆಂಗಸೊಬ್ಬಳು ಮಗು ನೋಡಲು ಬಗ್ಗಿದಳು. ನೋಡಿ ತಟ್ಟನೆ ನೆಟ್ಟಗಾದಳು.

ತಲೆ ಎತ್ತಿದರೆ ಮಗಳಿಲ್ಲ. ಪಕ್ಕದ ಸಾಲಿನಲ್ಲಿ ಯಾರದೋ ಸಂಸಾರದ ನಡುವೆ ನಿಂತಿದ್ದಳು. ಅದು ನಾರ್ವೆಗೆ ಹೋಗುವವರ ಸಾಲು. ಕರೆಯದೆ ಬಿಟ್ಟಿದ್ದರೆ ಹೋಗಿಯೂ ಬಿಡುತ್ತಿದ್ದಳೇನೋ.

ಅಲೆ

ಬೀಚು ನರ್ಸ್ ಹೇಳಿದ ಹಾಗೆಯೇ ಇತ್ತು. ಹಿಟ್ಟಿನಂಥ ಮರಳು, ಅಲ್ಲೊಬ್ಬರು ಇಲ್ಲೊಬ್ಬರು ಮಲಗಿ ಪುಸ್ತಕ ಓದುತ್ತಿದ್ದರು. ಹಾಳೆ ಮಗುಚಿದರೂ ಕೇಳಿಸುತ್ತಿತ್ತು. ಮಗಳು ಟವೆಲ್ ಹಿಡಿದು ಆ ತುದಿಗೆ ಹೋದಳು.

ನಮ್ಮ ಕಡೆಯವರು ಸಮುದ್ರಕ್ಕಿಳಿಯುವುದಕ್ಕೆ ಒಂದು ಕ್ರಮವಿದೆ. ಎಲ್ಲರೂ ಸಾಲಾಗಿ ಕೈ ಕೈ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಲ್ಲಬೇಕು. ಅಲೆ ಬಂದಾಗ ಒಟ್ಟಿಗೆ ಕಿರುಚಿ ಹಾರಬೇಕು. ಅತ್ತೆ ಸೀರೆ ಎತ್ತಿ ಸಿಕ್ಕಿಸಿ ನಡುವೆ ನಿಂತರು, ಆಚೆಗೆ ಇವರು, ಈಚೆಗೆ ನಾನು. ಕೈ ಬಿಗಿಯಾಗಿ ಹಿಡಿದು ಕಾದೆವು. ಅಲೆ ಬರಲಿಲ್ಲ. ಆ ಸಮುದ್ರ ಊಟದ ತಟ್ಟೆಯಲ್ಲಿ ನೀರು ನಿಂತ ಹಾಗೆ ನಿಂತಿತ್ತು.

"ತಾಳಿ, ಬರತ್ತೆ" ಎಂದರು ಅತ್ತೆ. ತಾಳಿದೆವು. ಮಾತಾಡುವ ಹಾಗಿಲ್ಲವಲ್ಲ, ಮೂವರೂ ಮೌನವಾಗಿ ದಿಗಂತ ನೋಡುತ್ತ ನಿಂತಿದ್ದೆವು. ಆಗ ವಯಸ್ಸಾದ ಇಂಗ್ಲಿಷಿನವರೊಬ್ಬರು ನೀರಿಗಿಳಿದು ಬಂದರು. ಹ್ಯಾಟು ತೆಗೆದು, ತಗ್ಗಿದ ದನಿಯಲ್ಲಿ, "ನಿಮ್ಮವರು ಇಲ್ಲೇ ತೀರಿಕೊಂಡರೇ?" ಎಂದು ಕೇಳಿದರು.

ಅಲೆಗೆ ಕಾಯುತ್ತಿದ್ದೇವೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಇವರು ಸುಮ್ಮನೆ "ಥ್ಯಾಂಕ್ಯೂ" ಎಂದರು. ಆ ಪುಣ್ಯಾತ್ಮರು ಇವರ ಇನ್ನೊಂದು ಕೈ ಹಿಡಿದು, ತಲೆ ಬಾಗಿಸಿ, ನಮ್ಮ ಜೊತೆ ಬಹಳ ಹೊತ್ತು ನಿಂತರು. ತಲೆ ಬಾಗಿಸಿದ್ದನ್ನು ನೋಡಿ, ಸತ್ತವರು ಯಾರು ಎಂದು ಅತ್ತೆ ನನ್ನನ್ನು ಕೇಳುತ್ತಲೇ ಇದ್ದರು.

ಮಚ್ಚೆ

ಮಾರನೇ ದಿನ ಮಗಳಿಗೆ ತನ್ನ ವಯಸ್ಸಿನ ಒಬ್ಬ ಗೆಳತಿ ಸಿಕ್ಕಳು. ಇಬ್ಬರೂ ನಗುವುದು ದೂರದಿಂದ ಕಾಣುತ್ತಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಇವರ ಮೇಲೆ ಕಣ್ಣಿಡುವುದನ್ನು ಮರೆತೆ.

ಇವರು ಅಡ್ಡಾಡಲು ಹೋದವರು ಆ ಹುಡುಗಿಯ ಅಪ್ಪನ ಬೆನ್ನಿನ ಮೇಲೆ ಬಗ್ಗಿದ್ದರು. ಆತ ಬೋರಲು ಮಲಗಿ ನಿದ್ದೆ ಮಾಡುತ್ತಿದ್ದ. ಇವರು ಬೆರಳಿನಿಂದ ಒತ್ತಿ, "ಈ ಮಚ್ಚೆ ಯಾವಾಗಿನಿಂದ ಇದೆ?" ಎಂದರು. ಆತ ಬೆಚ್ಚಿ ಎದ್ದು ಕೂತ. ಮಗಳು ಟವೆಲಿನೊಳಗೆ ಮುಖ ಹುದುಗಿಸಿಕೊಂಡಳು. ಬಿಳಿ ಮರಳು ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು.

ಮಚ್ಚೆ ಏನೂ ಅಲ್ಲವೆಂದು ತಿಳಿದು ಆತನಿಗೆ ಖುಷಿಯಾಯಿತಂತೆ. "ಲಂಡನ್ನಿನಲ್ಲಿ ಜಿಪಿ ಸಿಗಲು ಕಾದು ಕಾದು ಸಾಯಬೇಕು, ಇಲ್ಲಿ ಮಲಗಿದ ಕಡೆಗೇ ಬರುತ್ತಾರಲ್ಲ" ಎಂದು ಕಾಲಿನ ಉಗುರು ತೋರಿಸಿದ. ಅವನ ಹೆಂಡತಿ ಮಂಡಿನೋವು ಹೇಳಿಕೊಂಡಳು. ಊಟದ ಹೊತ್ತಿಗೆ ನಮ್ಮ ಕೊಡೆಯ ಕೆಳಗೆ ಒಂದು ಕ್ಯೂ.

"ರಜೇಲಿದೀನಿ ಅಂತ ಹೇಳಬಾರದೇನ್ರೀ?" ಎಂದು ಹಲ್ಲು ಕಚ್ಚಿ ಕೇಳಿದೆ.

"ಹೇಳಿದೆ ಕಣೇ" ಎಂದರು. "ನಾವೂ ರಜೇಲೇ ಇದೀವಿ, ಅವಸರ ಇಲ್ಲ, ಕಾಯ್ತೀವಿ ಅಂದ್ರು."

ಕಾಯಿ

ಕೊನೆಯ ದಿನ. ಅತ್ತೆ ಸೀರೆಯ ಮಡಿಕೆಯಿಂದ ಒಂದು ತೆಂಗಿನಕಾಯಿ ತೆಗೆದರು.

"ಅತ್ತೆ, ಇಲ್ಲೆಲ್ಲ ಸಮುದ್ರಕ್ಕೆ ಏನೂ ಹಾಕೋ ಹಾಗಿಲ್ಲ."

"ಕಸ ಹಾಕೋ ಹಾಗಿಲ್ಲ. ಇದೇನು ಕಸವೇ? ಇಷ್ಟು ದಿನ ಸಮುದ್ರರಾಜನ ಹತ್ರ ಇದ್ದು ಏನೂ ಕೊಡದೆ ಹೊರಡೋದಾ?" ಎಂದು ಅರಿಸಿನ ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು, ಎಸೆದೇ ಬಿಟ್ಟರು.

ನಮ್ಮೂರಿನ ಸಮುದ್ರವಾದರೆ ಅಲೆ ಬಂದು ಎಳೆದುಕೊಳ್ಳುತ್ತದೆ. ಇಲ್ಲಿ ಕಾಯಿ ತೇಲುತ್ತ ನಿಂತಿತು. ಆಮೇಲೆ ನಿಧಾನವಾಗಿ, ದಡದ ಪಕ್ಕದಲ್ಲೇ, ಮಗಳು ಕೂತಿದ್ದ ಆ ತುದಿಯ ಕಡೆಗೆ ಹೊರಟಿತು. ಮಗಳ ಗೆಳತಿಯ ಅಪ್ಪ ಅದನ್ನು ಎತ್ತಿಕೊಂಡ. ಪಾಪ, ಸಭ್ಯಸ್ಥ. ಪ್ರತಿಯೊಬ್ಬರ ಮುಂದೆ ನಿಂತು "ಇದು ನಿಮ್ಮದೇ?" ಎಂದು ಕೇಳುತ್ತ ಬಂದ. ಹಿಂದೆ ಆ ಹುಡುಗಿ, ಅವಳ ಹಿಂದೆ ನನ್ನ ಮಗಳು. ಬೇಡ ಬೇಡ ಎಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು.

ಷರತ್ತು ಷರತ್ತೇ. ನಾನು ಮಗಳ ಕಡೆ ತಿರುಗಲೇ ಇಲ್ಲ. "ಯಾರದೋ ಗೊತ್ತಿಲ್ಲ" ಎಂದೆ. ಇವರು ಮುಖಕ್ಕೆ ಪೇಪರ್ ಅಡ್ಡ ಹಿಡಿದರು. ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ಕಾಯಿ ವಾಪಸು ಬಂದದ್ದು ಕಂಡಿತು. ಗಾಬರಿಯಲ್ಲಿ ಮೊಮ್ಮಗಳನ್ನೇ ನೋಡಿ ಗಟ್ಟಿಯಾಗಿ, "ಪುಟ್ಟಿ, ಅದು ಸಮುದ್ರಕ್ಕೆ ಕೊಟ್ಟಿದ್ದು, ವಾಪಸ್ ತಗೊಂಡ್ರೆ ಒಳ್ಳೇದಲ್ಲ ಅಂತ ಅವರಿಗೆ ಹೇಳೇ" ಎಂದರು.

ಬೀಚಿನ ಪುಸ್ತಕಗಳೆಲ್ಲ ಕೆಳಗಿಳಿದವು. ಗೆಳತಿ ಮಗಳನ್ನು ಕೇಳಿದಳು, "ಇವರು ನಿನಗೆ ಗೊತ್ತಾ?"

ಮಗಳು ನನ್ನನ್ನು ನೋಡಿದಳು. ಮುಗಿಯಿತು, ಇನ್ನು ಇವಳು ನಮ್ಮ ಜೊತೆ ಬರುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಅತ್ತೆಯ ಕಣ್ಣಲ್ಲಿ ನೀರು ತುಂಬಿತು. ಮಗಳು ಅದನ್ನು ನೋಡಿ, "ನಮ್ಮಜ್ಜಿ" ಎಂದಳು. "ಅದು ಸಮುದ್ರದ್ದಂತೆ. ವಾಪಸು ಇಡಬೇಕಂತೆ."

"ಓ, ಸಾರಿ" ಎಂದು ಆತ ಎದೆಮಟ್ಟದ ನೀರಿಗೆ ಹೋಗಿ ಕಾಯಿಯನ್ನು ಮೆಲ್ಲಗೆ ಇಟ್ಟು ಬಂದ. ಅವನ ಹಿಂದೆಯೇ ಅದೂ ಬಂತು. ಮತ್ತೆ ಇಟ್ಟ, ಮತ್ತೆ ಬಂತು. ಬೇರೆಯವರೂ ಪುಸ್ತಕ ಬಿಟ್ಟು ಎದ್ದರು. ಸಂಜೆಯೊಳಗೆ ಅರ್ಧ ಬೀಚು ನೀರಿನಲ್ಲಿತ್ತು. ಅತ್ತೆ ದಡದಲ್ಲಿ ನಿಂತು "ಇನ್ನೂ ಒಳಗೆ, ಇನ್ನೂ ಒಳಗೆ" ಎನ್ನುವುದು, ಮಗಳು ಸೊಂಟದ ಮೇಲೆ ಕೈಯಿಟ್ಟು ಅದನ್ನು ಇಂಗ್ಲಿಷಿನಲ್ಲಿ ಗಂಟಲು ಹರಿಯುವಂತೆ ಕೂಗುವುದು. ನಡುನಡುವೆ "ಬಲಗೈಯಲ್ಲಿ ಇಡಿ" ಎಂದು ತನ್ನದೂ ಸೇರಿಸುತ್ತಿದ್ದಳು. ಅಷ್ಟು ದೊಡ್ಡ ದನಿ ಅವಳಿಗಿದೆಯೆಂದು ಆವತ್ತೇ ಗೊತ್ತಾದದ್ದು.

ಗೆಳತಿಯ ತಾಯಿ ಮಂಡಿ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತಳು. "ಅಲ್ಲಿ ಕಿರುಚುತ್ತಿದ್ದಾಳಲ್ಲ, ಅವಳು ನಿಮ್ಮ ಮಗಳೇ?" ಎಂದು ಕೇಳಿದಳು.

ನಾನು ಸುತ್ತ ನೋಡಿದೆ. ಎಲ್ಲರೂ ನಮ್ಮ ಕಡೆಗೇ ನೋಡುತ್ತಿದ್ದರು.

"ಅಲ್ಲ" ಎಂದೆ.